ಉಭಯ ಕುಶಲೋಪರಿ: ನಿಸ್ತಂತು ಜಾಲದ ಯೋಗಕ್ಷೇಮ

(ಫೋರ್ಟಿನಲ್ಲಿ ನಡೆದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಪಾಠ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಾಡುನುಡಿಗಳ ವಿಚಾರವಾಗಿ ಮಾತನಾಡುವುದು ವಾಡಿಕೆ. ಆ ವಾಡಿಕೆಯನ್ನು ಇಂದು ಸ್ವಲ್ಪ ಸಡಿಲಿಸಿ, ಒಂದು ಕಸುಬಿನ ವಿಷಯವನ್ನು ತಮ್ಮ ಮುಂದಿಡಬೇಕೆಂದು ನಾವು ಬಯಸಿದ್ದೇವೆ. ಇದಕ್ಕೆ ಕಾರಣವಿಲ್ಲದೆ ಇಲ್ಲ. ಹಿಂದೆ ಮುಂಬಯಿಗೆ ಬಂದ ಕನ್ನಡಿಗರು ಏನು ಕೆಲಸ ಮಾಡುತ್ತಾರೆಂದು ಊರಿನವರು ಕೇಳಿದರೆ ಉತ್ತರ ಸುಲಭವಾಗಿತ್ತು. ಒಬ್ಬರು ಹೋಟೆಲಿನಲ್ಲಿ, ಒಬ್ಬರು ಬ್ಯಾಂಕಿನಲ್ಲಿ, ಮತ್ತೊಬ್ಬರು ಗಿರಣಿಯಲ್ಲಿ, ಇನ್ನೊಬ್ಬರು ಗೋದಿಯಲ್ಲಿ. ಇಂದು ನಮ್ಮ ಮಕ್ಕಳಲ್ಲಿ ಅನೇಕರು ರಾತ್ರಿ ಪಾಳಿಗೆ ಹೋಗಿ, ನಸುಕಿನ ಲೋಕಲ್ ಗಾಡಿಯಲ್ಲಿ ಮನೆಗೆ ಮರಳುತ್ತಾರೆ. "ಏನು ಕೆಲಸವೋ ಮಗ?" ಎಂದು ಅಜ್ಜಿ ಕೇಳಿದರೆ "ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ ಅಜ್ಜಿ" ಎಂದು ಹೇಳಿ ಮಲಗಿಬಿಡುತ್ತಾರೆ. ನೋಡಿಕೊಳ್ಳುವುದೆಂದರೆ ಏನು? ಯಾರನ್ನು ನೋಡಿಕೊಳ್ಳುವುದು? ಅಜ್ಜಿಗೆ ಅದು ತಿಳಿಯುವುದಿಲ್ಲ. ಹೇಳುವ ವ್ಯವಧಾನ ಮೊಮ್ಮಗನಿಗೂ ಇಲ್ಲ. ಅವನ ಪರವಾಗಿ ಇಂದು ನಾವು ಹೇಳಲು ಯತ್ನಿಸುತ್ತೇವೆ. ವಿಷಯವು ಕಾಣುವಷ್ಟು ಪರಕೀಯವಾದುದಲ್ಲ. ನಮ್ಮ ಹಿರಿಯರು ಕಾಗದದ ತಲೆಯಲ್ಲಿ ಬರೆಯುತ್ತಿದ್ದ "ಉಭಯ ಕುಶಲೋಪರಿ" ಎಂಬ ಮಾತಿನಲ್ಲಿಯೇ ಅದರ ಸಾರವೆಲ್ಲ ಅಡಗಿದೆ.

ನಾವಿಂದು ಸೇರಿರುವ ಈ ಫೋರ್ಟ್ ಎಂಬ ಭಾಗವು ಮೊದಲಿನಿಂದಲೂ ಸುದ್ದಿಯ ಠಾಣೆ. ಇಲ್ಲಿಯ ದೊಡ್ಡ ಅಂಚೆ ಕಚೇರಿಯನ್ನು ತಾವೆಲ್ಲರೂ ಕಂಡಿದ್ದೀರಿ. 1913ರಲ್ಲಿ ಪೂರ್ತಿಯಾದ ಆ ಕಟ್ಟಡದ ಗುಮ್ಮಟಕ್ಕೆ ಮಾದರಿಯಾದುದು ನಮ್ಮ ವಿಜಾಪುರದ ಗೋಲಗುಮ್ಮಟ. ಮುಂಬಯಿಗೆ ಬಂದ ಕನ್ನಡಿಗನು ಊರಿಗೆ ಮನಿಯಾರ್ಡರು ಕಳುಹಿಸಲು ನಿಂತದ್ದು ಒಂದು ರೀತಿಯಲ್ಲಿ ಕನ್ನಡನಾಡಿನ ಗುಮ್ಮಟದ ಕೆಳಗೆಯೇ ಎಂದು ನೆನೆದರೆ ಮನಸ್ಸಿಗೆ ಹಿತವಾಗುತ್ತದೆ. ಹುತಾತ್ಮ ಚೌಕದ ಬಳಿ ಕೇಂದ್ರ ತಂತಿ ಕಚೇರಿಯಿತ್ತು. ತಂತಿ ಸೇವೆಯು 2013ರ ಜುಲೈಯಲ್ಲಿ ದೇಶಾದ್ಯಂತ ನಿಂತುಹೋಯಿತು. ಹೊರದೇಶಗಳೊಡನೆ ಸಂಪರ್ಕ ನಡೆಸಲು 1947ರಲ್ಲಿ ಸ್ಥಾಪಿತವಾದ ಸರಕಾರಿ ಇಲಾಖೆಯು 1986ರಲ್ಲಿ ವಿದೇಶ ಸಂಚಾರ ನಿಗಮವಾಯಿತು. ಅದರ ಭವನವಿದ್ದುದು ಇಲ್ಲಿಯೇ, ಮಹಾತ್ಮಾ ಗಾಂಧಿ ರಸ್ತೆಯಲ್ಲಿ. 1995ರ ಆಗಸ್ಟ್ 15ರಂದು ಭಾರತದ ಸಾಮಾನ್ಯ ಜನರಿಗೆ ಇಂಟರ್ನೆಟ್ಟಿನ ಬಾಗಿಲನ್ನು ತೆರೆದದ್ದು ಆ ನಿಗಮವೇ. ಕಾಗದ, ತಂತಿ, ಇಂಟರ್ನೆಟ್ಟು ಇವು ಮೂರೂ ಈ ಒಂದು ಚದರ ಮೈಲಿನ ಆಸುಪಾಸಿನಲ್ಲಿ ಸಾಗಿಬಂದಿವೆ. ನಾಲ್ಕನೆಯದಾಗಿ ಬಂದುದು ತಂತಿಯಿಲ್ಲದ ವೈಫೈ. ನಮ್ಮ ಇಂದಿನ ವಿಷಯವು ಅದು.

ಕಚೇರಿ, ಆಸ್ಪತ್ರೆ, ಕಾಲೇಜುಗಳ ಚಾವಣಿಗೆ ಅಂಟಿಸಿದ ಬಿಳಿಯ ತಟ್ಟೆಯಂತಹ ಒಂದು ವಸ್ತುವನ್ನು ತಾವು ನೋಡಿರಬಹುದು. ಅದರಲ್ಲಿ ಒಂದು ಸಣ್ಣ ದೀಪವು ಉರಿಯುತ್ತಿರುತ್ತದೆ. ಅದಕ್ಕೆ ಆಕ್ಸೆಸ್ ಪಾಯಿಂಟ್ ಎಂದು ಹೆಸರು. ತಮ್ಮ ಮೊಬೈಲು ಗಾಳಿಯಲ್ಲಿ ಆಡುವ ಮಾತನ್ನು ಹಿಡಿದು, ಹಿಂದಿರುವ ತಂತಿಗೆ ಒಪ್ಪಿಸುವುದು ಅದರ ಕೆಲಸ. ವೈಫೈ ನಿಸ್ತಂತುವೆಂದು ನಾವು ಹೇಳುತ್ತೇವಾದರೂ ತಂತಿಯಿಲ್ಲದಿರುವುದು ಮೊಬೈಲಿನಿಂದ ಆ ತಟ್ಟೆಯವರೆಗಿನ ಕೆಲವು ಗಜಗಳಷ್ಟು ಮಾತ್ರ. ಅಲ್ಲಿಂದ ಮುಂದೆ ಸ್ವಿಚ್ಚಿನವರೆಗೆ ಸಾಮಾನ್ಯವಾಗಿ ಒಂದು ಕೇಬಲ್ ಹೋಗಿರುತ್ತದೆ. ಅದೇ ಕೇಬಲು ವಿದ್ಯುತ್ತನ್ನೂ ಒದಗಿಸುತ್ತದೆ. ಅದರ ಉದ್ದ 100 ಮೀಟರನ್ನು ಮೀರಬಾರದು. ಫೋರ್ಟಿನ ಹಳೆಯ ಕಟ್ಟಡಗಳಲ್ಲಿ ಈ ತಟ್ಟೆಗಳು ಹೆಚ್ಚಾಗಿ ಬೇಕಾಗುತ್ತವೆ. ಇಲ್ಲಿಯ ಗೋಡೆಗಳು ದಪ್ಪನೆಯ ಕಲ್ಲಿನವು. 5 ಗಿಗಾಹರ್ಟ್ಸಿನ ಅಲೆಯು ಅಂತಹ ಗೋಡೆಯನ್ನು ದಾಟುವಷ್ಟರಲ್ಲಿ ಸೋತುಹೋಗುತ್ತದೆ; 2.4ರ ಅಲೆಯು ಸ್ವಲ್ಪ ಮುಂದೆ ಹೋದರೂ ನೆರೆಹೊರೆಯ ಅಲೆಗಳ ಗದ್ದಲದಲ್ಲಿ ಸಿಕ್ಕಿಬೀಳುತ್ತದೆ. ಆದ್ದರಿಂದ ಕೋಣೆಗೊಂದು, ಮೊಗಸಾಲೆಗೊಂದು ಎಂದು ಇಡಬೇಕಾಗುತ್ತದೆ.

ಒಂದೆರಡಿದ್ದರೆ ತಲೆಯೆತ್ತಿ ದೀಪ ನೋಡಿದರೆ ಸಾಕು. ನೂರು, ಸಾವಿರ ಇದ್ದರೆ? ಪ್ರತಿಯೊಂದು ತಟ್ಟೆಯ ಕೆಳಗೂ ಹೋಗಿ ನಿಲ್ಲಲು ಯಾರಿಂದ ಸಾಧ್ಯ? ಹೀಗಾಗಿ ಒಂದು ಕಡೆ ಕುಳಿತು, ಎಲ್ಲವುಗಳ ಯೋಗಕ್ಷೇಮವನ್ನು ಕೇಳಿ ತಿಳಿಯುವ ಏರ್ಪಾಡು ಹುಟ್ಟಿತು. ಈ ಕುಶಲ ಪ್ರಶ್ನೆಗೆ ಎಲ್ಲ ಕಂಪನಿಗಳ ಯಂತ್ರಗಳೂ ಅರಿಯುವ ಒಂದು ಸಾಮಾನ್ಯ ಭಾಷೆ ಬೇಕಾಯಿತು. 1988ರಲ್ಲಿ ಅಂತಹದೊಂದು ಭಾಷೆ ರೂಪುಗೊಂಡಿತು. ಅದನ್ನು ಎಸ್‌ಎನ್‌ಎಮ್‌ಪಿ ಎಂದು ಕರೆಯುತ್ತಾರೆ. ಇದರಲ್ಲಿ "ಎಸ್" ಎಂದರೆ ಸರಳ ಎಂದರ್ಥ. ಕಲಿಯುವವರಿಗೆ ಅಷ್ಟೊಂದು ಸರಳವೆನಿಸುವುದಿಲ್ಲವೆಂಬುದು ಬೇರೆ ಮಾತು.

ಅದರ ಕ್ರಮ ಹೀಗಿದೆ. ನಿರ್ವಹಣೆಯ ತಂತ್ರಾಂಶವು ಒಂದು ಗಣಕದಲ್ಲಿ ಕುಳಿತಿರುತ್ತದೆ. ನಾಗಿಯೋಸ್, ಝಾಬಿಕ್ಸ್, ಲಿಬ್ರೆಎನ್‌ಎಮ್‌ಎಸ್ ಮುಂತಾದವು ಇಂತಹ ತಂತ್ರಾಂಶಗಳು. ಅವನ್ನು ಹಣ ಕೊಡದೆ ಪಡೆಯಬಹುದು. ಪ್ರತಿಯೊಂದು ಯಂತ್ರದೊಳಗೂ ಒಬ್ಬ ಪ್ರತಿನಿಧಿಯಿರುತ್ತಾನೆ, ಅವನೂ ತಂತ್ರಾಂಶವೇ. ತಂತ್ರಾಂಶವು ಸುಮಾರು ಐದು ನಿಮಿಷಕ್ಕೊಮ್ಮೆ ಒಂದು ಪ್ರಶ್ನೆಯನ್ನು ಕಳುಹಿಸುತ್ತದೆ, ಪ್ರತಿನಿಧಿಯು ಉತ್ತರ ಕೊಡುತ್ತಾನೆ. ಪ್ರಶ್ನೆಯು ಮಾತಿನಲ್ಲಿರುವುದಿಲ್ಲ, ಅಂಕೆಗಳಲ್ಲಿರುತ್ತದೆ. ಅಂಚೆಯವರು ರಾಜ್ಯ, ಜಿಲ್ಲೆ, ತಾಲೂಕು, ಗ್ರಾಮ, ಮನೆಯೆಂದು ಮೇಲಿನಿಂದ ಕೆಳಗಿಳಿದು ವಿಳಾಸ ಹುಡುಕಿದಂತೆ, ಇಲ್ಲಿ 1.3.6.1 ಎಂದು ಆರಂಭಿಸಿ ಕೊಂಬೆಯಿಂದ ರೆಂಬೆಗೆ ಇಳಿಯುತ್ತಾರೆ. 1.3.6.1.2.1.1.3 ಎಂಬ ವಿಳಾಸದಲ್ಲಿ ಕೇಳಿದರೆ "ನಾನು ಎಚ್ಚರಗೊಂಡು ಇಷ್ಟು ಹೊತ್ತಾಯಿತು" ಎಂಬ ಉತ್ತರ ಬರುತ್ತದೆ. ಇನ್ನೊಂದು ವಿಳಾಸದಲ್ಲಿ ಕೇಳಿದರೆ ಕೇಬಲು ಜೋಡಿಸಿದ ಬಾಯಿಯ ಸ್ಥಿತಿಯು ತಿಳಿಯುತ್ತದೆ. 1 ಎಂದರೆ ನಡೆಯುತ್ತಿದೆ, 2 ಎಂದರೆ ನಿಂತಿದೆ.

ಇದು ನಾವಾಗಿ ಕೇಳುವ ಕುಶಲ. ಕೇಳದೆಯೇ ಬರುವ ಸುದ್ದಿಯೂ ಒಂದಿದೆ. ಏನಾದರೂ ಅನಾಹುತವಾದೊಡನೆ ಯಂತ್ರವು ತಾನಾಗಿ ಒಂದು ಸಂದೇಶವನ್ನು ಕಳುಹಿಸುತ್ತದೆ. ಅದಕ್ಕೆ ಟ್ರ್ಯಾಪ್ ಎಂದು ಹೆಸರು. ಮೊದಲನೆಯದು ತಿಂಗಳಿಗೊಮ್ಮೆ ತಪ್ಪದೆ ಬರೆಯುವ ಕಾಗದದಂತೆ, ಎರಡನೆಯದು ಅಪರಾತ್ರಿಯಲ್ಲಿ ಬಾಗಿಲು ಬಡಿಯುವ ತಂತಿಯಂತೆ. ಎರಡೂ ಬೇಕು. ತಂತಿಯನ್ನೇ ನಂಬಿ ಕಾಗದ ಬರೆಯುವುದನ್ನು ಬಿಟ್ಟವನು ಕೆಡುತ್ತಾನೆ. ಯಾತಕ್ಕೆಂದರೆ, ಕರೆಂಟೇ ಹೋದ ಯಂತ್ರವು ಟ್ರ್ಯಾಪ್ ಕಳುಹಿಸುವುದೆಲ್ಲಿಂದ? ಉಸಿರೇ ನಿಂತವನು ತನ್ನ ಸುದ್ದಿಯನ್ನು ತಾನೇ ಹೇಳಲಾರನು.

ಉತ್ತರವನ್ನು ಓದುವುದಕ್ಕೂ ತಿಳಿವಳಿಕೆ ಬೇಕು. ಎಚ್ಚರಗೊಂಡು ಎಷ್ಟು ಹೊತ್ತಾಯಿತೆಂಬ ಲೆಕ್ಕವನ್ನು ಯಂತ್ರವು ಸೆಕೆಂಡಿನ ನೂರನೆಯ ಒಂದಂಶದಲ್ಲಿ ಇಡುತ್ತದೆ. ಆ ಲೆಕ್ಕದ ಪುಸ್ತಕಕ್ಕೆ ಒಂದು ಮಿತಿಯಿದೆ. ಸುಮಾರು 497 ದಿನಗಳಿಗೆ ಅದು ತುಂಬಿ ಪುನಃ ಸೊನ್ನೆಯಿಂದ ಆರಂಭವಾಗುತ್ತದೆ. ಇದನ್ನರಿಯದ ಹೊಸಬನು, ಒಂದು ವರ್ಷಕ್ಕೂ ಹೆಚ್ಚು ಕಾಲ ಒಮ್ಮೆಯೂ ಮಲಗದೆ ದುಡಿದ ಯಂತ್ರವನ್ನು ಇದೀಗ ಬಿದ್ದು ಎದ್ದಿತೆಂದು ತಿಳಿದು ಗಾಬರಿಗೊಳ್ಳುತ್ತಾನೆ. ಇನ್ನೊಂದು ಮಾತು. ಈ ಪ್ರಶ್ನೋತ್ತರಗಳು ಸಾಮಾನ್ಯವಾಗಿ ರಿಜಿಸ್ಟರು ಮಾಡದ ಅಂಚೆಯಂತೆ ಸಾಗುತ್ತವೆ. ದಾರಿಯಲ್ಲಿ ಒಂದು ಕಾಗದ ಕಳೆದುಹೋಗುವುದುಂಟು. ಆದುದರಿಂದ ಒಮ್ಮೆ ಉತ್ತರ ಬಾರದಿದ್ದ ಮಾತ್ರಕ್ಕೆ ಅಳುವಿಗೆ ತೊಡಗಬಾರದು. ಎರಡು ಮೂರು ಸಲ ಕೇಳಿ ನೋಡಬೇಕು. ನಡುವಿನ ಸ್ವಿಚ್ಚೊಂದು ನಿಂತುಹೋದರೆ ಅದರ ಹಿಂದಿನ ಇಪ್ಪತ್ತು ತಟ್ಟೆಗಳೂ ಒಟ್ಟಿಗೆ ಮೌನವಾಗುತ್ತವೆ. ಆಗ ಇಪ್ಪತ್ತು ಕಾಯಿಲೆಗಳೆಂದು ತಿಳಿಯದೆ ಒಂದು ಕಾಯಿಲೆಯೆಂದು ತಿಳಿಯುವುದು ಜಾಣತನ.

ಗುಟ್ಟಿನ ಮಾತೂ ಉಂಟು. ಹಳೆಯ ಪದ್ಧತಿಯಲ್ಲಿ ಪ್ರಶ್ನೆ ಕೇಳುವವನು ಒಂದು ಸಂಕೇತ ಪದವನ್ನು ಹೇಳಬೇಕು. ಬಹಳ ಯಂತ್ರಗಳಲ್ಲಿ ಆ ಪದವು ಕಾರಖಾನೆಯಿಂದ ಬರುವಾಗಲೇ "ಪಬ್ಲಿಕ್" ಎಂದು ಇರುತ್ತಿತ್ತು. ಅನೇಕರು ಅದನ್ನು ಬದಲಿಸಲೇ ಇಲ್ಲ. ಬೀಗ ಹಾಕಿ, ಬೀಗದ ಕೈಯನ್ನು ಬಾಗಿಲಿನ ಮೊಳೆಗೇ ತೂಗುಹಾಕಿದಂತಾಯಿತು. ಮೇಲಾಗಿ ಆ ಪದವು ಕಾರ್ಡಿನ ಮೇಲಿನ ಬರಹದಂತೆ ಯಾರಿಗೂ ಕಾಣುವ ಹಾಗೆ ದಾರಿಯಲ್ಲಿ ಸಾಗುತ್ತದೆ. 2002ರಲ್ಲಿ ಪೂರ್ಣ ಮನ್ನಣೆ ಪಡೆದ ಮೂರನೆಯ ಆವೃತ್ತಿಯಲ್ಲಿ ಈ ಕೊರತೆಯನ್ನು ನೀಗಿದ್ದಾರೆ. ಅಲ್ಲಿ ಹೆಸರು, ಗುಪ್ತಪದ, ಮುಚ್ಚಿದ ಲಕೋಟೆ ಎಲ್ಲವೂ ಉಂಟು. ನಮ್ಮ ತರುಣರು ಅದನ್ನೇ ಬಳಸಬೇಕು.

ಇಷ್ಟು ಪೀಠಿಕೆಯಾದ ಮೇಲೆ, ನಾವು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇವೆ.

ದೊಡ್ಡ ಕಚೇರಿಗಳಲ್ಲಿ ಪ್ರತಿಯೊಂದು ತಟ್ಟೆಯನ್ನು ಬೇರೆ ಬೇರೆಯಾಗಿ ಕೇಳುವ ಪದ್ಧತಿಯಿಲ್ಲ. ಅವೆಲ್ಲವೂ ಕಂಟ್ರೋಲರ್ ಎಂಬ ಒಬ್ಬ ಯಜಮಾನನ ಕೈಕೆಳಗಿರುತ್ತವೆ. ತಟ್ಟೆಗಳು ಸಾಮಾನ್ಯವಾಗಿ ಅರ್ಧ ನಿಮಿಷಕ್ಕೊಮ್ಮೆ ಯಜಮಾನನಿಗೆ "ಇದ್ದೇನೆ" ಎಂದು ಹೇಳುತ್ತಿರಬೇಕು. ನಮ್ಮ ತಂತ್ರಾಂಶವು ಯಜಮಾನನನ್ನು ಮಾತ್ರ ಕೇಳುತ್ತದೆ. ಅವನು ತನ್ನಲ್ಲಿರುವ ಪಟ್ಟಿಯನ್ನು ಸಾಲುಸಾಲಾಗಿ ಓದಿ ಹೇಳುತ್ತಾನೆ. ಬಹಳ ಬಳಕೆಯಲ್ಲಿರುವ ಒಂದು ಬಗೆಯ ಕಂಟ್ರೋಲರಿನಲ್ಲಿ ಪ್ರತಿ ತಟ್ಟೆಯ ಎದುರಿಗೆ 1, 2, 3 ಎಂಬ ಮೂರರಲ್ಲಿ ಒಂದು ಅಂಕೆಯಿರುತ್ತದೆ. 1 ಎಂದರೆ ಸೇರಿಕೊಂಡಿದೆ, 2 ಎಂದರೆ ಬಿಟ್ಟುಹೋಗುತ್ತಿದೆ, 3 ಎಂದರೆ ಹೊಸ ತಂತ್ರಾಂಶವನ್ನು ಇಳಿಸಿಕೊಳ್ಳುತ್ತಿದೆ. ತಾವು ಸೂಕ್ಷ್ಮವಾಗಿ ಗಮನಿಸಬೇಕು: ಬಿಟ್ಟುಹೋಗಿದೆ ಎಂಬುದಕ್ಕೆ ಅಲ್ಲಿ ಅಂಕೆಯೇ ಇಲ್ಲ! ಬಿಟ್ಟುಹೋದ ತಟ್ಟೆಯ ಸಾಲು ಪಟ್ಟಿಯಿಂದಲೇ ಮಾಯವಾಗುತ್ತದೆ. ಯಜಮಾನನು ಇರುವವರ ಹೆಸರನ್ನು ಓದುತ್ತಾನೆಯೇ ಹೊರತು ಇಲ್ಲದವರ ಹೆಸರನ್ನು ಓದುವುದಿಲ್ಲ.

ಇದರಿಂದ ಏನಾಗುತ್ತದೆಂಬುದಕ್ಕೆ ನಾವು ಬಲ್ಲ ಒಂದು ಸಂಗತಿಯನ್ನು ಹೇಳುತ್ತೇವೆ. ಇಲ್ಲಿಯದೇ ಒಂದು ಹಳೆಯ ಕಲ್ಲು ಕಟ್ಟಡದ ಕಚೇರಿ, ಹೆಸರು ಬೇಡ. ಮೂರು ಅಂತಸ್ತು, 24 ತಟ್ಟೆಗಳು. ಮೂರನೆಯ ಅಂತಸ್ತಿನ ಹಿಂಬದಿಯ ಕೋಣೆಯಲ್ಲಿ ಹಳೆಯ ಕಡತಗಳನ್ನು ನೋಡಿಕೊಳ್ಳುವ ಒಬ್ಬ ಹೆಣ್ಣುಮಗಳಿದ್ದರು. ಅವರ ಕೋಣೆಯಲ್ಲಿ ವೈಫೈ ನಿಂತುಹೋಯಿತು. ದೂರು ಕೊಟ್ಟರು. "ನಮ್ಮ ಪರದೆಯಲ್ಲಿ ಎಲ್ಲವೂ ಹಸಿರಾಗಿದೆ, ತಮ್ಮ ಗಣಕವೇ ಸರಿಯಿಲ್ಲ" ಎಂಬ ಉತ್ತರ ಬಂದಿತು. ಗಣಕವನ್ನು ಬದಲಿಸಿದರು, ಫಲವಾಗಲಿಲ್ಲ. ಮತ್ತೆ ದೂರು, ಮತ್ತೆ ಅದೇ ಉತ್ತರ. ಹೀಗೆ ಮೂರು ವಾರಗಳು ಕಳೆದವು. ಆ ಅವಧಿಯಲ್ಲಿ ಆಕೆ ಕಡತದ ಕಟ್ಟನ್ನು ಹೊತ್ತು ದಿನಕ್ಕೆ ಹತ್ತು ಸಲ ಎರಡನೆಯ ಅಂತಸ್ತಿಗೆ ಇಳಿದು ಹತ್ತಿ ಮಾಡಿದರು. ಸಾಲದ್ದಕ್ಕೆ, ಕೆಲಸ ತಪ್ಪಿಸಲು ನೆಪ ಹೇಳುತ್ತಾರೆಂಬ ಮಾತನ್ನೂ ಕೇಳಬೇಕಾಯಿತು. ಕೊನೆಗೆ ರಾತ್ರಿ ಪಾಳಿಗೆ ಹೊಸದಾಗಿ ಬಂದ ನಮ್ಮ ಕರಾವಳಿಯ ಹುಡುಗನೊಬ್ಬ ಪರದೆಯ ಮೇಲಿನ ಹಸಿರು ಚುಕ್ಕೆಗಳನ್ನು ಒಂದೊಂದಾಗಿ ಎಣಿಸಿದ. 23 ಇದ್ದವು. ಖರೀದಿಯ ಕಡತವನ್ನು ತೆಗೆಸಿ ನೋಡಿದ. 24 ಎಂದಿತ್ತು. ಮಾರನೆಯ ದಿನ ಮೇಲೆ ಹೋಗಿ ನೋಡಿದರೆ, ಬಣ್ಣ ಬಳಿಯುವವರು ತಟ್ಟೆಯ ಕೇಬಲನ್ನು ಕಿತ್ತು, ಸುತ್ತಿ, ಕಪಾಟಿನ ಮೇಲೆ ಇಟ್ಟುಹೋಗಿದ್ದರು.

ಪರದೆಯು ಸುಳ್ಳು ಹೇಳಿರಲಿಲ್ಲ. ಅದರಲ್ಲಿದ್ದ ಇಪ್ಪತ್ತಮೂರೂ ನಿಜವಾಗಿಯೂ ಕ್ಷೇಮವಾಗಿದ್ದವು. ಆದರೆ ಎಷ್ಟು ಇರಬೇಕೆಂಬುದು ಅದಕ್ಕೆ ಗೊತ್ತಿರಲಿಲ್ಲ. ಅದಕ್ಕೆ ಯಾರೂ ಹಾಜರಿ ಪುಸ್ತಕವನ್ನು ಕೊಟ್ಟಿರಲಿಲ್ಲ.

ಬಂಧುಗಳೆ, ಹಾಜರಿ ಪುಸ್ತಕದ ಮಹಿಮೆಯನ್ನು ಫೋರ್ಟಿನ ಕನ್ನಡಿಗರಿಗೆ ನಾವು ಹೊಸದಾಗಿ ಹೇಳಬೇಕಾಗಿಲ್ಲ. ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು, ರಾತ್ರಿ ಇಲ್ಲಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮುಂದೆ ಬಂದವರ ಊರು ಇದು. ಅಂತಹ ಶಾಲೆಯಲ್ಲಿ ಮಾಸ್ತರರು ಎದುರಿಗಿದ್ದವರನ್ನು ಎಣಿಸಿ ಸುಮ್ಮನಾಗುವಂತಿರಲಿಲ್ಲ. ಪುಸ್ತಕ ತೆರೆದು ಒಂದೊಂದೇ ಹೆಸರನ್ನು ಕೂಗಬೇಕು. ಹೆಸರು ಕೂಗಿದಾಗ ಉತ್ತರ ಬಾರದಿದ್ದರೆ ಆ ಮೌನಕ್ಕೆ ಒಂದು ಅರ್ಥವಿರುತ್ತದೆ: ಜ್ವರವೋ, ಪಾಳಿ ಬದಲಾಯಿತೋ, ಊರಿನಿಂದ ಕೆಟ್ಟ ಸುದ್ದಿ ಬಂದಿತೋ ಎಂದು ವಿಚಾರಿಸಲು ಅವಕಾಶವಾಗುತ್ತದೆ. ಹೆಸರನ್ನೇ ಕೂಗದಿದ್ದರೆ ಮೌನವು ಯಾರ ಕಿವಿಗೂ ಬೀಳುವುದಿಲ್ಲ.

ಆದುದರಿಂದ ಈ ಕಸುಬಿನ ತರುಣರಿಗೆ ನಾವು ಹೇಳುವುದಿಷ್ಟು. ಮೊದಲನೆಯದಾಗಿ, ಎಷ್ಟು ತಟ್ಟೆಗಳಿವೆ, ಯಾವ ಕೋಣೆಯಲ್ಲಿವೆ, ಯಾವ ಸ್ವಿಚ್ಚಿನ ಯಾವ ಬಾಯಿಗೆ ಸೇರಿವೆ ಎಂಬ ಪಟ್ಟಿಯನ್ನು ಕಂಟ್ರೋಲರಿನ ಹೊರಗೆ ತಾವೇ ಇಟ್ಟುಕೊಳ್ಳಿರಿ. ತಂತ್ರಾಂಶವು ತಂದ ಪಟ್ಟಿಯನ್ನು ಪ್ರತಿ ಸಲವೂ ಇದರೊಡನೆ ತಾಳೆ ನೋಡುವಂತೆ ಮಾಡಿರಿ. ಎರಡನೆಯದಾಗಿ, "ಇದ್ದೇನೆ" ಎಂಬ ಉತ್ತರದಿಂದಲೇ ತೃಪ್ತರಾಗಬೇಡಿರಿ. ತಟ್ಟೆಯು ಎಚ್ಚರವಾಗಿದ್ದು, ಅದರೊಡನೆ ಕೂಡಿಕೊಂಡ ಮೊಬೈಲುಗಳ ಸಂಖ್ಯೆ ಕೆಲಸದ ವೇಳೆಯಲ್ಲಿ ಗಂಟೆಗಟ್ಟಲೆ ಸೊನ್ನೆಯಾಗಿದ್ದರೆ ಅಲ್ಲಿ ಏನೋ ಕೆಟ್ಟಿದೆ. ಜನರು ಕೂಡಿಕೊಂಡರೂ ಅವರಿಗೆ ವಿಳಾಸ ದೊರೆಯದಿರಬಹುದು, ಗಾಳಿಯಲ್ಲಿ ಗದ್ದಲ ತುಂಬಿರಬಹುದು. ಅಂಗಡಿಯ ಬಾಗಿಲು ತೆರೆದಿದೆ ಎಂಬುದೊಂದು, ಗಿರಾಕಿಗೆ ಸಾಮಾನು ಸಿಕ್ಕಿತು ಎಂಬುದು ಇನ್ನೊಂದು. ಮೂರನೆಯದಾಗಿ, ಪರದೆಯ ಮಾತಿಗೂ ಮನುಷ್ಯನ ಮಾತಿಗೂ ವಿರೋಧ ಬಂದಾಗ, ಎದ್ದು ಹೋಗಿ ನೋಡಿರಿ. ಮೂರು ಮೆಟ್ಟಿಲುಸಾಲು ಹತ್ತುವ ಶ್ರಮವನ್ನು ಉಳಿಸಲೆಂದು ಈ ತಂತ್ರಾಂಶ ಬಂದಿದೆ ನಿಜ. ಆದರೆ ಆ ಶ್ರಮವನ್ನು ನಮ್ಮ ಬದಲು ಇನ್ನೊಬ್ಬರ ಕಾಲಿಗೆ ಕಟ್ಟಲೆಂದು ಅದು ಬಂದಿಲ್ಲ.

ಊರಿನ ವ್ಯವಹಾರಕ್ಕೂ ಇದು ಸಲ್ಲುತ್ತದೆ. 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್ ನಿಲ್ದಾಣದಲ್ಲಿ ರೈಲ್‌ಟೆಲ್ ಮತ್ತು ಗೂಗಲ್ ಕೂಡಿ ಸಾರ್ವಜನಿಕ ವೈಫೈ ಆರಂಭಿಸಿದುವು. 2018ರ ಜೂನ್ ಹೊತ್ತಿಗೆ ಅಂತಹ ನಿಲ್ದಾಣಗಳ ಸಂಖ್ಯೆ ದೇಶದಲ್ಲಿ 400 ಆಯಿತು. 2020ರಲ್ಲಿ ಗೂಗಲ್ ತಾನು ಹಿಂದೆ ಸರಿಯುವುದಾಗಿ ತಿಳಿಸಿದರೂ ರೈಲ್‌ಟೆಲ್ ಕೆಲಸವನ್ನು ಮುಂದುವರಿಸಿತು. 2017ರ ಜನವರಿಯಲ್ಲಿ ರಾಜ್ಯ ಸರಕಾರವು ಮುಂಬಯಿಯ 500 ಸ್ಥಳಗಳಲ್ಲಿ ವೈಫೈ ಆರಂಭಿಸಿತು. ಇವೆಲ್ಲ ಸ್ತುತ್ಯವಾದ ಕಾರ್ಯಗಳು. ಕೆಲಸ ಹುಡುಕುತ್ತ ಬಂದ ಹುಡುಗನೊಬ್ಬ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಅರ್ಜಿ ತುಂಬಿದ್ದರೆ ಅದರ ಪುಣ್ಯ ಸಣ್ಣದಲ್ಲ. ಆದರೆ ಉದ್ಘಾಟನೆಯ ದಿನದ ಸಂಖ್ಯೆಯನ್ನು ಎಲ್ಲರೂ ನೆನಪಿಡುತ್ತಾರೆ. ನಾವು ಕೇಳಬೇಕಾದ ಪ್ರಶ್ನೆ, ಇಂದು ಬೆಳಿಗ್ಗೆ ಹೆಸರು ಕೂಗಿದರೆ ಎಷ್ಟು ಉತ್ತರಿಸುತ್ತವೆ ಎಂಬುದು. ಸಾರ್ವಜನಿಕ ಸೇವೆ ಯಾವುದೇ ಇರಲಿ, ಅದರ ಹಾಜರಿ ಪುಸ್ತಕವು ಜನರ ಮುಂದೆ ತೆರೆದಿರಬೇಕು.

ಕೊನೆಯದಾಗಿ ನಮ್ಮ ಸಂಘದ ಮಾತು. ಒಂದು ಕಾಲಕ್ಕೆ ಫೋರ್ಟಿನ ಓಣಿಗಳಲ್ಲಿ, ಹೋಟೆಲಿನ ಅಟ್ಟಗಳಲ್ಲಿ, ಕಚೇರಿಯ ಹಿಂಬದಿಯ ಕೋಣೆಗಳಲ್ಲಿ ನಮ್ಮವರು ಒತ್ತೊತ್ತಾಗಿ ಇದ್ದರು. ಇಂದು ಡೊಂಬಿವಲಿ, ವಸಯಿ, ಮೀರಾ ರೋಡ್, ನವಿ ಮುಂಬಯಿ ಎಂದು ಚದರಿದ್ದಾರೆ. ರಾತ್ರಿ ಶಾಲೆಗಳಲ್ಲಿ ಅನೇಕವು ವಿದ್ಯಾರ್ಥಿಗಳಿಲ್ಲದೆ ಮುಚ್ಚಿದುವು. ರಾಜ್ಯೋತ್ಸವಕ್ಕೆ ಬಂದವರನ್ನು ಎಣಿಸಿ "ಸಭೆ ತುಂಬಿತ್ತು" ಎಂದು ವರದಿ ಬರೆಯುತ್ತೇವೆ. ಅದು ಸುಳ್ಳಲ್ಲ, ಆದರೆ ಇಪ್ಪತ್ತಮೂರು ಹಸಿರು ಚುಕ್ಕೆಗಳ ವರದಿಯೂ ಸುಳ್ಳಾಗಿರಲಿಲ್ಲ. ಹತ್ತು ವರ್ಷಗಳ ಹಿಂದಿನ ಸದಸ್ಯರ ಪಟ್ಟಿಯನ್ನು ಕಪಾಟಿನಿಂದ ತೆಗೆದು, ಇಂದು ಬಂದವರ ಹೆಸರಿನೊಡನೆ ತಾಳೆ ನೋಡಿದರೆ, ನಮಗೆ ಗೊತ್ತಿಲ್ಲದೆಯೇ ಮಾಯವಾದ ಸಾಲುಗಳು ಎಷ್ಟಿವೆಯೋ! ಯಾವ ಮನೆಯಲ್ಲಿ ಯಜಮಾನರು ತೀರಿಕೊಂಡು ಒಂಟಿಯಾದ ತಾಯಿಯಿದ್ದಾರೋ, ಯಾವ ಮನೆಯವರು ಕೆಲಸ ಹೋಗಿ ಸಂಕೋಚದಿಂದ ಸಭೆಗೆ ಬಾರದೆ ಇದ್ದಾರೋ ಯಾರು ಬಲ್ಲರು? ಅವರಾಗಿಯೇ ಟ್ರ್ಯಾಪ್ ಕಳುಹಿಸುವುದಿಲ್ಲ. ಕಷ್ಟದಲ್ಲಿರುವ ಮರ್ಯಾದಸ್ಥರು ತಾವಾಗಿ ಬಾಗಿಲು ಬಡಿಯುವುದು ಅಪರೂಪ. ನಾವೇ ಕೇಳಬೇಕು.

ನಮ್ಮ ಸೂಚನೆ ದೊಡ್ಡದಲ್ಲ. ಸಂಘದ ತರುಣರು ಹಳೆಯ ಪಟ್ಟಿಗಳನ್ನು ಒಟ್ಟುಗೂಡಿಸಲಿ. ಒಬ್ಬೊಬ್ಬರು ಹತ್ತು ಹತ್ತು ಹೆಸರುಗಳನ್ನು ಹಂಚಿಕೊಂಡು, ಯುಗಾದಿಯೊಳಗಾಗಿ ಒಂದು ಸಲ ಫೋನು ಮಾಡಲಿ. ಉತ್ತರ ಬಾರದಿದ್ದರೆ ಮತ್ತೆರಡು ಸಲ ಮಾಡಲಿ. ಆಗಲೂ ಬಾರದಿದ್ದರೆ ಒಂದು ಭಾನುವಾರ ಗಾಡಿ ಹತ್ತಿ ಆ ಮನೆಯ ತನಕ ಹೋಗಿಬರಲಿ. ರಾತ್ರಿಯೆಲ್ಲ ಯಂತ್ರಗಳ ಕುಶಲ ಕೇಳುವ ನಮ್ಮ ಮಕ್ಕಳಿಗೆ ಈ ಕೆಲಸವನ್ನು ಹೇಳಿಕೊಡಬೇಕಾಗಿಲ್ಲ.

ಇನ್ನು ಅಜ್ಜಿಯ ಪ್ರಶ್ನೆಗೆ ಉತ್ತರ. ತಮ್ಮ ಮೊಮ್ಮಗ ಮಾಡುವುದು ಕುಶಲ ಕೇಳುವ ಉದ್ಯೋಗ, ತಾಯಿ. ಉತ್ತರ ಬಾರದ ಕಡೆ ಏನಾಯಿತೆಂದು ಹುಡುಕುವ ಉದ್ಯೋಗ. ನಿದ್ರೆಗೆಟ್ಟು ಬಂದ ಅವನಿಗೆ ಎರಡು ದೋಸೆ ಹೆಚ್ಚಾಗಿಯೇ ಬಡಿಸಿರಿ.